ಟೀ ಮನೆಗೆ ಬಂದವರು

ನಮ್ಮ ತೋಟದಲ್ಲಿ ವಾರಕ್ಕೊಂದಾದರೂ ಎಡವಟ್ಟು ಆಗುತ್ತದೆ. ಆಗದ ವಾರ ಬಂದರೆ ನನಗೆ ಭಯ. ಮುಂದಿನ ವಾರ ಎರಡು ಆಗುತ್ತವೆ.

ತೋಟ ಅಂದರೆ ತೆಂಗಿನ ತೋಟ ಅಲ್ಲ. ಮಾದನಾಯಕನಹಳ್ಳಿ ದಾಟಿ ಒಳಗೆ ಹೋದರೆ ನಮ್ಮ ಕಂಪನಿ. ಜಪಾನಿನವರದು. ಪ್ರೆಸ್ ಶಾಪಿನ ಹಿಂದೆ ಅವರ ದೇಶದ ಥರ ಒಂದು ತೋಟ ಮಾಡಿದ್ದಾರೆ. ಒಂದು ಕೊಳ, ಬಗ್ಗಿಸಿ ಬೆಳೆಸಿದ ಮರಗಳು, ಬಿಳಿ ಜಲ್ಲಿಯ ಅಂಗಳ, ಎರಡು ಟೀ ಮನೆ. ಆ ಮನೆಗಳು ಇಲ್ಲಿ ಕಟ್ಟಿದ್ದಲ್ಲ. ನಮ್ಮ ಮುತ್ತಾತನಿಗಿಂತ ಹಿಂದಿನ ಕಾಲದಲ್ಲಿ ಜಪಾನಿನಲ್ಲೇ ಕಟ್ಟಿದ್ದು. ಹಲಗೆ ಹಲಗೆ ಬಿಚ್ಚಿ, ನಂಬರ್ ಬರೆದು, ಕಂಟೈನರಿನಲ್ಲಿ ತಂದು, ಅವರ ಬಡಗಿಗಳೇ ಬಂದು ಜೋಡಿಸಿದರು. ಒಂದು ಮೊಳೆ ಹೊಡೆಯಲಿಲ್ಲ. ನಿಂತು ನೋಡಿದ್ದೇನೆ. ಅದರೊಳಗೆ ಕೂತು ಟೀ ಕುಡಿಯುವುದು ಅವರಿಗೆ ಪೂಜೆ ಇದ್ದ ಹಾಗೆ.

ನಾನು ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷ ಪ್ರೆಸ್ ಮಿಷನ್ ಮುಂದೆ ನಿಂತೆ. ಕಿವಿ ಮಂದ ಆಯಿತು. ತೋಟಕ್ಕೆ ಹಾಕಿದರು.

ಮನೆ ಟಿ. ದಾಸರಹಳ್ಳಿ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಸಂಜೆ ಹೋಗಿ ತೋಟದ ಕಥೆ ಹೇಳಿದರೆ ನಗುತ್ತಿದ್ದಳು. 'ಒಂದ್ಸಲ ಕರ್ಕೊಂಡೋಗಿ ತೋರಿಸ್ರೀ' ಅನ್ನುತ್ತಿದ್ದಳು. ವರ್ಷಕ್ಕೊಂದು ಭಾನುವಾರ ಕಂಪನಿಯಲ್ಲಿ ಫ್ಯಾಮಿಲಿ ಡೇ ಇರುತ್ತದೆ. ಮನೆಯವರನ್ನು ಕರೆದುಕೊಂಡು ಹೋಗಬಹುದು, ಟೀ ಮನೆಯಲ್ಲಿ ಕೂರಬಹುದು. ಒಂದು ವರ್ಷ ಅವಳಿಗೆ ಓಟಿ ಇತ್ತು. ಒಂದು ವರ್ಷ ಮಳೆ. ಒಂದು ವರ್ಷ ಸುಮ್ಮನೆ ನನಗೇ ಬೇಜಾರು. ಬರೋ ವರ್ಷ ಅಂದೆ. ಬರೋ ವರ್ಷ ಬಂತು. ಅವಳು ಇರಲಿಲ್ಲ.

ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದಳು. ಎಚ್ಆರ್ ಸಾರ್ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. 'ಡೆತ್ ಸರ್ಟಿಫಿಕೇಟ್ ತಂದ್ಕೊಡಪ್ಪ. ಫ್ಯಾಮಿಲಿ ಲಿಸ್ಟಿಂದ ಹೆಸರು ತೆಗೀಬೇಕು.'

'ತರ್ತೀನಿ ಸಾರ್' ಅನ್ನುತ್ತಿದ್ದೆ.

ಸರ್ಟಿಫಿಕೇಟ್ ಬೀರುವಿನಲ್ಲೇ ಇತ್ತು. ಕೊಟ್ಟರೆ ಹೆಸರು ಹೊಡೆದು ಹಾಕುತ್ತಾರೆ. ಅವಳ ಹೆಸರು ಉಳಿದಿದ್ದ ಜಾಗ ಅದೊಂದೇ. ಕೊಡಲಿಲ್ಲ.

ಈಗ ಕಥೆ ಹೇಳೋಕೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೧. ಹಗ್ಗ ಕಟ್ಟಿದ ಕಲ್ಲು

ತೋಟಕ್ಕೆ ಬಂದ ಹೊಸತು. ಜಪಾನಿನಿಂದ ಒಬ್ಬ ಮುದುಕ ಮಾಲಿ ಬಂದಿದ್ದರು. ನನಗೆ ಕೆಲಸ ಕಲಿಸೋಕೆ. ಒಂದು ಸಂಜೆ ಟೀ ಮನೆಯ ದಾರಿಯ ನಟ್ಟನಡುವೆ ಒಂದು ಕಲ್ಲು ಇಟ್ಟು ಹೋದರು. ಮುಷ್ಟಿಗಾತ್ರದ ಕಲ್ಲು. ಅದಕ್ಕೆ ಅಡ್ಡಡ್ಡ ಉದ್ದುದ್ದ ಕಪ್ಪು ಹಗ್ಗ ಕಟ್ಟಿ, ಮೇಲೆ ಗಂಟು. ಆಚೆ ಹೊಸದಾಗಿ ಗಿಡ ನೆಟ್ಟಿದ್ದಾರೆ, ಯಾರೂ ಹೋಗಬೇಡಿ ಅಂತ ಅದರ ಅರ್ಥವಂತೆ. ಅವರಲ್ಲಿ ಬೋರ್ಡು ಹಾಕುವುದಿಲ್ಲ, ಕಲ್ಲು ಇಡುತ್ತಾರೆ. ಇದು ನಮಗೆ ಆಮೇಲೆ ಗೊತ್ತಾಗಿದ್ದು.

ಮಾರನೇ ದಿನ ಅಮಾವಾಸ್ಯೆ. ಬೆಳಗ್ಗೆ ಸೆಕ್ಯೂರಿಟಿಯವನು ಓಡಿ ಬಂದ.

'ಅಣ್ಣ, ಯಾರೋ ಮಾಡ್ಸವ್ರೆ.'

'ಏನ್ ಮಾಡ್ಸವ್ರೆ?'

'ಮಾಟ. ದಾರೀಲಿ ಮಡಗವ್ರೆ. ಕರೀ ಹಗ್ಗ, ಮೂರು ಗಂಟು.'

ಹೋಗಿ ನೋಡಿದೆ. ನನಗೂ ಕಾಲು ಮುಂದೆ ಹೋಗಲಿಲ್ಲ.

ಆ ದಾರಿ ಕ್ಯಾಂಟೀನಿಗೆ ಹತ್ತಿರದ ದಾರಿ. ತಿಂಡಿ ಹೊತ್ತಿಗೆ ನೂರಾರು ಜನ ನುಗ್ಗುತ್ತಾರೆ. ಅವತ್ತು ಒಬ್ಬರೂ ಬರಲಿಲ್ಲ. ಎಲ್ಲರೂ ಸ್ಟೋರ್ಸ್ ಸುತ್ತಿಕೊಂಡು ಹೋದರು. ಎಚ್ಆರ್ ಸಾರ್ ಬಂದು, 'ಏನ್ರಯ್ಯಾ ಇದು, ಯಾವ ಕಾಲದಲ್ಲಿದೀರ' ಅಂತ ಬೈದರು. ಬೈದು ಮುಗಿಸಿ ಅವರೂ ಸ್ಟೋರ್ಸ್ ಸುತ್ತಿಕೊಂಡೇ ಹೋದರು.

ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಮುದುಕ ಮಾಲಿ ಬಂದು ನೋಡಿದರು. ಜಲ್ಲಿಯ ಮೇಲೆ ಒಂದು ಹೆಜ್ಜೆ ಗುರುತಿಲ್ಲ. ಹೊಸ ಗಿಡದ ಒಂದು ಎಲೆ ಬಾಡಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಜೊತೆಯಿದ್ದ ದುಭಾಷಿ ಹುಡುಗಿ ಹೇಳಿದಳು. 'ಅವರ ದೇಶದಲ್ಲೇ ಈಗಿನವರು ಈ ಕಲ್ಲಿಗೆ ಬೆಲೆ ಕೊಡಲ್ವಂತೆ, ದಾಟ್ಕೊಂಡ್ ಹೋಗ್ತಾರಂತೆ. ಇಲ್ಲಿಯವರು ಹೇಳ್ಕೊಡದೇ ಅರ್ಥ ಮಾಡ್ಕೊಂಡಿದಾರೆ, ಇಂಥಾ ಶಿಸ್ತು ಎಲ್ಲೂ ನೋಡಿಲ್ಲ ಅಂತಿದಾರೆ.'

ಹಾಗೇ ಜಪಾನಿಗೆ ರಿಪೋರ್ಟೂ ಹೋಯಿತು.

ಮನೆಗೆ ಬಂದು ಹೇಳಿದೆ. ಹೆಂಡತಿ ಬಿದ್ದು ಬಿದ್ದು ನಕ್ಕಳು. ನಕ್ಕು ಸುಸ್ತಾಗಿ, 'ಆದ್ರೂ ನೀವು ಅದನ್ನ ದಾಟ್ಬೇಡಿ' ಅಂದಳು.

೨. ಹದಿನೈದು ಚುಕ್ಕಿ

ಟೀ ಮನೆಯ ಮುಂದೆ ಬಿಳಿ ಜಲ್ಲಿಯ ಅಂಗಳ ಇದೆ. ದಿನಾ ಬೆಳಗ್ಗೆ ಮರದ ಹಲ್ಲಿನ ಕೋಲು ಹಿಡಿದು ಅದರ ಮೇಲೆ ಸಾಲು ಎಳೆಯಬೇಕು. ನೀರಿನ ಅಲೆ ಥರ ಕಾಣಬೇಕು. ಎಳೆಯುತ್ತಾ ಹಿಂದಕ್ಕೆ ಬರಬೇಕು, ಇಲ್ಲದಿದ್ದರೆ ನಮ್ಮ ಕಾಲಿನ ಗುರುತೇ ಬೀಳುತ್ತೆ. ಒಂದೂವರೆ ಗಂಟೆ ಕೆಲಸ.

ರಾಯಚೂರು ಕಡೆಯ ಒಬ್ಬ ಅಕ್ಕ ಹೌಸ್‌ಕೀಪಿಂಗಿಗೆ ಹೊಸದಾಗಿ ಸೇರಿದ್ದಳು. ಅವತ್ತು ಜಪಾನಿನಿಂದ ದೊಡ್ಡ ಜನ ಬರುವವರಿದ್ದರು, ಹತ್ತು ಗಂಟೆಗೆ. ನಾನು ಸಾಲು ಎಳೆದು, ತಿಂಡಿಗೆ ಹೋಗಿ, ಒಂಬತ್ತೂಮುಕ್ಕಾಲಿಗೆ ಬಂದೆ. ಅಂಗಳದ ತುಂಬಾ ರಂಗೋಲಿ. ದೊಡ್ಡ ತಾವರೆ, ನಾಲ್ಕು ಮೂಲೆಗೆ ನಾಲ್ಕು ನವಿಲು. ಕೆಂಪು, ಹಳದಿ ಬಣ್ಣ ಬೇರೆ ತುಂಬಿದ್ದಾಳೆ.

'ಏನಕ್ಕ ಮಾಡ್ಬಿಟ್ಟೆ' ಅಂದೆ.

'ಯಣ್ಣಾ, ಇಷ್ಟ ಚಂದ ಅಂಗಳ ಹಸನ ಮಾಡೀರಿ, ಒಂದ ಗೆರಿ ರಂಗೋಲಿ ಇಲ್ಲ. ಸಾವಾದ ಮನಿ ಮುಂದ ಅಷ್ಟ ರಂಗೋಲಿ ಇರಂಗಿಲ್ಲ. ಇಲ್ಲಿ ಯಾರ ಸತ್ತಾರ್ರೀ?'

ಅಳಿಸೋಕೆ ಹೊತ್ತಿರಲಿಲ್ಲ. ಕಾರುಗಳು ಬಂದವು. ಕೋಟು ಹಾಕಿದ ಆರು ಜನ ಇಳಿದರು. ಅಂಗಳದ ಮುಂದೆ ಸಾಲಾಗಿ ನಿಂತರು. ನೋಡಿದರು. ಐದು ನಿಮಿಷ, ಹತ್ತು ನಿಮಿಷ. ನಾನು ಬೇಲಿ ಪಕ್ಕ ನಿಂತು, ಕೆಲಸ ಹೋದರೆ ಸೆಟ್ಲ್‌ಮೆಂಟ್ ಎಷ್ಟು ಬರಬಹುದು ಅಂತ ಯೋಚನೆ ಮಾಡುತ್ತಿದ್ದೆ.

ಅವರಲ್ಲಿ ಹಿರಿಯರು ದುಭಾಷಿ ಹುಡುಗಿಗೆ ಏನೋ ಕೇಳಿದರು. ಅವಳು ನನ್ನ ಕಡೆ ತಿರುಗಿದಳು. 'ಅಂಕಲ್, ಇದರ ಹಿಂದಿನ ತತ್ವ ಏನು ಅಂತ ಕೇಳ್ತಿದಾರೆ.'

ನನಗೆ ಗೊತ್ತಿದ್ದಷ್ಟು ಹೇಳಿದೆ. 'ಚುಕ್ಕಿ ಹದಿನೈದು. ಸಾಲು ಹದಿನೈದು.'

ಆರು ಜನವೂ ಜೇಬಿಂದ ಪುಸ್ತಕ ತೆಗೆದು ಬರೆದುಕೊಂಡರು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಮೊದಲು ನಗಲಿಲ್ಲ. 'ನವಿಲು ಯಾವ ಕಡೆ ಮುಖ ಮಾಡಿತ್ತು, ತಾವರೆಗೆ ಎಷ್ಟು ಎಸಳಿತ್ತು' ಅಂತೆಲ್ಲ ಕೇಳಿದಳು. ನೆಲದ ಮೇಲೆ ಬೆರಳಲ್ಲಿ ಹಾಕಿ ನೋಡಿದಳು. ಆಮೇಲೆ ಹೇಳಿದಳು.

'ತಪ್ಪು ಹೇಳ್ಬಂದಿದೀರ. ಅದು ಹದಿನೈದರಿಂದ ಎಂಟಕ್ಕೆ ಇಳಿಯೋ ಚುಕ್ಕಿ. ಪಾಪ, ಅಲ್ಲಿ ಯಾರೋ ಕೋಟು ಹಾಕ್ಕೊಂಡು ನೆಲದ ಮೇಲೆ ಕೂತ್ಕೊಂಡು, ಗೆರೆ ಕೂಡ್ತಾ ಇಲ್ವಲ್ಲಪ್ಪ ಅಂತ ಒದ್ದಾಡ್ತಿರ್ತಾರೆ.'

೩. ಕನ್ನಡಿ ಥರ

ಜ್ವರ ಅಂತ ಮಲಗಿದಳು. ಹದಿನೆಂಟನೇ ದಿನ ಹೋದಳು. ಅದರ ಬಗ್ಗೆ ಇಷ್ಟೇ.

ಕಾರ್ಯ ಮುಗಿಸಿ ಕೆಲಸಕ್ಕೆ ಬಂದೆ. ಒಂದು ತಿಂಗಳ ಮೇಲಾಗಿತ್ತು ತೋಟ ನೋಡಿ.

ಆ ತೋಟದಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ಪಾಚಿ. ಕಲ್ಲಿನ ಮೇಲೆ, ಮರದ ಬುಡದಲ್ಲಿ, ಟೀ ಮನೆಯ ಮೆಟ್ಟಿಲ ಪಕ್ಕ, ಹಸಿರು ಮಖಮಲ್ಲು ಹಾಸಿದ ಹಾಗೆ. ನಮ್ಮ ಮನೆ ಬಚ್ಚಲಲ್ಲಿ ಬೇಡ ಅಂದರೂ ಬರುತ್ತೆ. ಇಲ್ಲಿ ಬಾ ಅಂದರೂ ಬರಲ್ಲ. ದಿನಕ್ಕೆ ಮೂರು ಸಲ ಪಂಪಿನಲ್ಲಿ ನೀರು ತುಂತುರು ಬಿಟ್ಟು, ಬಿಸಿಲಿಗೆ ನೆರಳು ಕಟ್ಟಿ ಬೆಳೆಸಿದ್ದೆ. ವರ್ಷಗಟ್ಟಲೆ ಹಿಡಿಯಿತು. ಕೂಸಿಗೆ ಮಾಡಿದ ಹಾಗೆ ಮಾಡಿದ್ದೆ. ನಮಗೆ ಕೂಸಿರಲಿಲ್ಲ, ಗೊತ್ತಿಲ್ಲ, ಹಾಗೇ ಇರಬೇಕು.

ಗೇಟು ದಾಟಿ ಬಂದೆ. ಕಲ್ಲುಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಬ್ಲೀಚಿಂಗ್ ಪೌಡರ್ ವಾಸನೆ.

ಕಾಂಟ್ರಾಕ್ಟ್ ಸೂಪರ್‌ವೈಸರ್ ಓಡಿ ಬಂದ. ಒಳ್ಳೆಯವನು. ನನ್ನ ಹೆಗಲ ಮೇಲೆ ಕೈಯಿಟ್ಟ.

'ಅಣ್ಣ, ಮನೇಲಿ ಸಾವಾಗಿದೆ, ಬಂದ ತಕ್ಷಣ ನಿಮಗೆ ಕೆಲಸ ಬೀಳ್ಬಾರ್ದು ಅಂತ ಐದು ಜನ ಹಾಕ್ಸಿ ಕ್ಲೀನ್ ಮಾಡ್ಸಿದೀನಿ. ಎಂಥಾ ಪಾಚಿ ಅಣ್ಣ, ಬಿಡ್ತಾನೇ ಇರ್ಲಿಲ್ಲ. ತಂತಿ ಬ್ರಷ್ ಹಾಕಿ ಉಜ್ಜಿದ್ವಿ. ನೋಡಿ, ಕನ್ನಡಿ ಥರ ಆಗಿದೆ.'

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಅವಳು ಹೋದಾಗ ಬಂದಿರಲಿಲ್ಲ, ಮಣ್ಣು ಹಾಕುವಾಗ ಬಂದಿರಲಿಲ್ಲ. ಆಗ ಬಂತು ಅಳು. ನಿಲ್ಲಿಸೋಕೆ ಆಗಲಿಲ್ಲ.

ಅವನು ಪಕ್ಕದಲ್ಲಿ ಕೂತ. ಅವನ ಕಣ್ಣೂ ಒದ್ದೆ.

'ಇದಕ್ಕೆಲ್ಲ ಅಳ್ತಾರಾ ಅಣ್ಣ. ನಿಮಗೋಸ್ಕರ ಇಷ್ಟೂ ಮಾಡ್ದೇ ಇದ್ರೆ ಹೆಂಗೆ? ಇರಿ, ಆ ಟೀ ಮನೆ ಸೂರಿನ ಮೇಲೂ ಹಿಡ್ಕೊಂಡಿದೆ, ನಾಳೆ ಅದನ್ನೂ ಉಜ್ಜಿಸ್ಬಿಡ್ತೀನಿ.'

೪. ಎತ್ತಿ ಕುಡಿದದ್ದು

ಆಮೇಲೆ ಜಪಾನಿನಿಂದ ಒಬ್ಬ ಅಜ್ಜಿ ಬಂದರು. ಟೀ ಪೂಜೆ ಕಲಿಸುವವರು. ಎರಡು ತಿಂಗಳು ಇರುವುದಾಗಿ ಬಂದಿದ್ದರು. ಮೊದಲ ದಿನ ಮ್ಯಾನೇಜರುಗಳಿಗೆ. ಟೀ ಮನೆಯ ಬಾಗಿಲು ಸೊಂಟದೆತ್ತರವೂ ಇಲ್ಲ, ತೆವಳಿಕೊಂಡು ಹೋಗಬೇಕು. ದೊಡ್ಡವರು ಚಿಕ್ಕವರು ಎಲ್ಲರೂ ತಲೆ ತಗ್ಗಿಸಲಿ ಅಂತ ಹಾಗೆ ಮಾಡಿದ್ದಂತೆ. ನಾನು ಮೂಲೆಯಲ್ಲಿ ಕೆಂಡ ನೋಡಿಕೊಳ್ಳುತ್ತಿದ್ದೆ.

ಅವತ್ತಿನದು ಗಟ್ಟಿ ಟೀ. ಹಸಿರು. ಒಂದೇ ಬಟ್ಟಲು. ಒಬ್ಬರು ಮೂರು ಗುಟುಕು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ಕೊಡಬೇಕು.

ಬಟ್ಟಲು ಮೊದಲು ಹೋಗಿದ್ದು ಪ್ರೊಡಕ್ಷನ್ ಮ್ಯಾನೇಜರ್ ಕೈಗೆ. ದೊಡ್ಡ ಆಳು, ಬಿಳೀ ಶರ್ಟು. ಅವರು ಪಕ್ಕದವರನ್ನು ನೋಡಿದರು, ಬಟ್ಟಲು ನೋಡಿದರು. ಎಂಜಲು ಹೇಗೆ ಕೊಡುವುದು? ನಾವು ಚೊಂಬಿನಲ್ಲಿ ನೀರು ಕುಡಿಯುವ ಹಾಗೆ ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಬಟ್ಟಲನ್ನು ಒಂದು ಗೇಣು ಮೇಲೆ ಎತ್ತಿದರು.

ಬರಲಿಲ್ಲ. ಅದು ಅಂಬಲಿಗಿಂತ ಗಟ್ಟಿ. ಇನ್ನಷ್ಟು ಬಗ್ಗಿಸಿದರು. ಬಾಯಿ ತೆರೆದೇ ಇದೆ. ಎಲ್ಲರೂ ಉಸಿರು ಹಿಡಿದಿದ್ದೇವೆ. ಆಮೇಲೆ ಒಂದೇ ಸಲ ಬಂತು.

ಅಜ್ಜಿ ಗಾಬರಿಯಾಗಿ ದುಭಾಷಿಯನ್ನು ಕೇಳಿದರು. ಅವಳು ವಿವರಿಸಿದಳು, ಮುಂದಿನವರಿಗೆ ಎಂಜಲಾಗಬಾರದು ಅಂತ ಹಾಗೆ ಕುಡಿದರು ಅಂತ. ಅಜ್ಜಿ ಹಸಿರು ಶರ್ಟಿನ ಮುಂದೆ ನೆಲಕ್ಕೆ ಹಣೆ ಹಚ್ಚಿದರು. ಇನ್ನೊಬ್ಬರ ಬಗ್ಗೆ ಇಷ್ಟು ಯೋಚನೆ ಮಾಡಿ ಟೀ ಕುಡಿದವರನ್ನು ಈ ವಯಸ್ಸಿನವರೆಗೆ ನೋಡಿಲ್ಲ ಅಂದರಂತೆ.

ಅಷ್ಟು ಹೊಗಳಿದ ಮೇಲೆ ಉಳಿದವರು ಬಿಡುತ್ತಾರಾ. ಎರಡನೆಯವರೂ ಎತ್ತಿದರು. ಮೂರನೆಯವರೂ ಎತ್ತಿದರು. ಅಜ್ಜಿ ಮತ್ತೆ ಮತ್ತೆ ಟೀ ಮಾಡಿಕೊಟ್ಟರು. ಸಂಜೆ ಮೂರು ಜನ ಮ್ಯಾನೇಜರುಗಳು ಎದೆ ಮೇಲೆ ಹಸಿರು ಬಾವುಟ ಹಿಡಿದವರ ಥರ ಪ್ರೆಸ್ ಶಾಪಿನ ಮುಂದೆ ಹೋದರು. ನಾನು ಚಾಪೆ ಒರೆಸುತ್ತಾ ಕೂತಿದ್ದೆ.

ಮನೆಗೆ ಹೋದೆ. ಬೀಗ ತೆಗೆದೆ. ಚಪ್ಪಲಿ ಬಿಡುತ್ತಾ, 'ಇವತ್ತು ಏನಾಯ್ತು ಗೊತ್ತಾ' ಅಂದೆ.

ಆಮೇಲೆ ಲೈಟ್ ಹಾಕಿದೆ.

೫. ಆರು ಮೆತ್ತೆ

ಈ ಸಲದ ಫ್ಯಾಮಿಲಿ ಡೇಗೆ ನಾನು ಹೋಗುವುದಿಲ್ಲ ಅಂತಿದ್ದೆ. ಲಿಸ್ಟು ನೋಟಿಸ್ ಬೋರ್ಡಿಗೆ ಬಂತು. ಒಂದೊಂದು ಸರದಿಗೆ ಆರು ಜನ. ಮೊದಲ ಸರದಿಯಲ್ಲಿ ನನ್ನ ಹೆಸರಿತ್ತು. ಅದಕ್ಕಿಂತ ಮೇಲೆ ಅವಳ ಹೆಸರಿತ್ತು. ಒಂದೊಂದು ಮನೆಯವರನ್ನು ಇಂಗ್ಲಿಷ್ ಅಕ್ಷರದ ಪ್ರಕಾರ ಜೋಡಿಸಿದ್ದರು, ಅವಳದು ಎ.

ಎಚ್ಆರ್ ಸಾರ್ ಹಿಂದೆ ಬಂದು ನಿಂತರು. 'ಕಂಪ್ಯೂಟರ್ ತಾನೇ ತಾನಾಗಿ ಹಾಕ್ಬಿಟ್ಟಿದೆ ಕಣಪ್ಪ. ಅದಕ್ಕೇ ಹೇಳಿದ್ದು, ಸರ್ಟಿಫಿಕೇಟ್ ಕೊಡು ಅಂತ. ಎಂಟು ತಿಂಗಳಾಯ್ತು.'

'ತರ್ತೀನಿ ಸಾರ್.'

ಅವಳ ಹೆಸರು ಬಂದ ಮೇಲೆ ನಾನು ಹೋಗದೆ ಇರುವುದು ಹೇಗೆ. ಭಾನುವಾರ ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ. ಮೊದಲ ಸಲ ಆ ಬಾಗಿಲಲ್ಲಿ ಅತಿಥಿಯಾಗಿ ತೆವಳಿದೆ.

ಒಳಗೆ ಆರು ಮೆತ್ತೆ ಸಾಲಾಗಿ ಹಾಕಿದ್ದರು. ಲಿಸ್ಟಿನ ಪ್ರಕಾರ ದುಭಾಷಿ ಹುಡುಗಿ ಕೂರಿಸಿದಳು. ಮೊದಲನೆಯದು ಖಾಲಿ. ಆಮೇಲೆ ನಾನು, ಎಚ್ಆರ್ ಸಾರ್, ಪ್ರೊಡಕ್ಷನ್ ಮ್ಯಾನೇಜರ್, ಅವರ ಹೆಂಡತಿ, ಅವರ ಮಾವ. ಮಾವ ಅಂದರೆ ದೊಡ್ಡಬಳ್ಳಾಪುರದ ಕಡೆಯ ಹಿರಿಯರು, ಪಂಚೆ, ರುಮಾಲು. ಎಲ್ಲರೂ ಮಂಡಿ ಮಡಚಿ, ಹಿಮ್ಮಡಿ ಮೇಲೆ ಕೂರಬೇಕು.

ಅಜ್ಜಿ ನಿಧಾನವಾಗಿ ಟೀ ಮಾಡಿದರು, ಈ ಸಲ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಮೊದಲ ಬಟ್ಟಲು ಖಾಲಿ ಮೆತ್ತೆಯ ಮುಂದೆ ಇಟ್ಟರು. ಅವರ ನಿಯಮ ಏನೆಂದರೆ, ಮೊದಲ ಮೆತ್ತೆಯವರು ಕುಡಿಯಬೇಕು. ಅವರು ಕುಡಿಯುವವರೆಗೆ ಎರಡನೆಯವರಿಗೆ ಟೀ ಇಲ್ಲ. ಅಜ್ಜಿ ಕೈ ಕಟ್ಟಿ ಕೂತರು. ಯಾರೋ ತಡವಾಗಿ ಬರುತ್ತಿದ್ದಾರೆ ಅಂದುಕೊಂಡರೋ ಏನೋ. ಮುಗುಳ್ನಗುತ್ತಾ ಬಾಗಿಲ ಕಡೆ ನೋಡುತ್ತಿದ್ದರು.

ಮನೆಯಲ್ಲಿ ಮೊದಲ ಲೋಟ ಯಾವಾಗಲೂ ನನ್ನದು. ಅವಳು ಪಾತ್ರೆಯಲ್ಲಿ ಉಳಿದದ್ದನ್ನು, ಆರಿದ ಮೇಲೆ, ನಿಂತುಕೊಂಡು ಕುಡಿಯುತ್ತಿದ್ದಳು.

ಐದು ನಿಮಿಷ ಆಯಿತು. ಹತ್ತು ಆಯಿತು. ಎಚ್ಆರ್ ಸಾರ್ ಹಣೆಯಲ್ಲಿ ಬೆವರು. ಪ್ರೊಡಕ್ಷನ್ ಮ್ಯಾನೇಜರ್ ಮೆಲ್ಲಗೆ, 'ಯಾಕ್ರೀ ಲೈನ್ ನಿಂತಿದೆ? ನನ್ ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ' ಅಂದರು.

ದುಭಾಷಿ ಹುಡುಗಿ ಲಿಸ್ಟು ನೋಡಿದಳು. 'ಅಂಕಲ್, ಆಂಟಿ ಎಲ್ಲಿ?'

ಎಚ್ಆರ್ ಸಾರಿಗೆ ಗೊತ್ತು. ಅವರೇ ಹೇಳಬಹುದಿತ್ತು. ನನ್ನ ಮುಖ ನೋಡಿದರು, ನೆಲ ನೋಡಿದರು.

'ಅವಳು ಇಲ್ಲ' ಅಂದೆ.

'ಹೊರಗಡೆ ಇದಾರಾ?'

'ಇಲ್ಲಮ್ಮ. ತೀರ್ಕೊಂಡ್ಲು.'

ಯಾರಿಗೂ ನನ್ನ ಬಾಯಿಂದ ಆ ಮಾತು ಹೇಳಿರಲಿಲ್ಲ. ಊರಿಗೆ ಫೋನು ಮಾಡಿದ್ದೂ ಪಕ್ಕದ ಮನೆಯವರೇ.

ಹುಡುಗಿ ಅಜ್ಜಿಗೆ ಹೇಳಿದಳು. ಅಜ್ಜಿ ಬಟ್ಟಲು ತೆಗೆಯಲಿಲ್ಲ. ಅದರ ಚಂದದ ಕಡೆ ಮೆತ್ತೆಗೆ ಮುಖ ಮಾಡುವ ಹಾಗೆ ಚೂರು ತಿರುಗಿಸಿದರು. ನೆಲಕ್ಕೆ ಬಾಗಿದರು. ಏನೋ ಹೇಳಿದರು.

'ಅವರಲ್ಲೂ ಸತ್ತವರಿಗೆ ಮೊದಲು ಟೀ ಇಡ್ತಾರಂತೆ. ಅವರು ಕುಡೀಲಿ, ನಾವು ಕಾಯೋಣ ಅಂತಿದಾರೆ.'

ಅಲ್ಲಿಯವರೆಗೆ ಒಂದೂ ಮಾತಾಡದ ಮಾವ ಈಗ ಬಾಯಿ ಬಿಟ್ಟರು.

'ಅಂದ್ರೆ ಎಡೆ ಮಡಗಿದಂಗಾಯ್ತು.'

'ಹೂಂ ಮಾವ' ಅಂದರು ಪ್ರೊಡಕ್ಷನ್ ಮ್ಯಾನೇಜರ್.

'ಎಡೆ ಮಡಗಿ ಎಲ್ಲಾ ಇಲ್ಲೇ ಕುಂತು ಬಾಯ್ ನೋಡ್ತಿದ್ರೆ ಆಯಮ್ಮ ಎಂಗೆ ಕುಡೀತದೆ? ಏಳ್ರಪ್ಪ. ಬಾಗ್ಲು ಹಾಕ್ಕೊಂಡು ಆಚೆ ಓಗಾನ.'

ಸರಿಯಾದ ಮಾತು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಕೋಣೆಯಲ್ಲಿ ಯಾರೂ ಇರಬಾರದು. ಹಿರಿಯರು ಬಂದು ತಿಂದು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಆದರೆ ಏಳುವುದು ಯಾರು? ಯಾರಿಗೂ ಸೊಂಟದಿಂದ ಕೆಳಗೆ ಜೀವ ಇರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಎದ್ದು ನಿಂತ ಹಾಗೆ ಮಾಡಿ ಪಕ್ಕಕ್ಕೆ ಉರುಳಿದರು. ಕೊನೆಗೆ ಎಲ್ಲರೂ ಕೈಯೂರಿ ಅಂಬೆಗಾಲಿಟ್ಟೆವು.

ಬಾಗಿಲಲ್ಲಿ ಮ್ಯಾನೇಜರ್ ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ನಿಂತಿತು. ಮಾವ ಹಿಂದಿನಿಂದ ತಳ್ಳುತ್ತಾ, 'ಉಸಿರು ಎಳ್ಕೊಳ್ಳಿ ಅಳಿಯಂದ್ರೆ' ಅಂದರು. ಅವರ ಹಿಂದೆ ಎಚ್ಆರ್ ಸಾರ್, ಅವರ ಹಿಂದೆ ನಾನು.

ತೆವಳುತ್ತಲೇ ಹೇಳಿದೆ. 'ಸಾರ್, ಸೋಮವಾರ ಸರ್ಟಿಫಿಕೇಟ್ ತರ್ತೀನಿ.'

'ಯಾವಾಗಾದ್ರೂ ತಾ ಮಾರಾಯ. ಮೊದ್ಲು ನನ್ ಎಡಗಾಲು ಎಲ್ಲಿದೆ ನೋಡು' ಅಂದರು.

ಹೊರಗೆ ಎರಡನೇ ಸರದಿಯವರು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಪ್ಲಾಂಟ್ ಹೆಡ್, ಹೆಂಡತಿ ಮಕ್ಕಳ ಜೊತೆ. ಅವರ ಕಣ್ಣ ಮುಂದೆ ಅವರ ಮ್ಯಾನೇಜರುಗಳು ಒಬ್ಬರ ಹಿಂದೊಬ್ಬರು ನಾಲ್ಕು ಕಾಲಲ್ಲಿ ಬಂದು ಜಲ್ಲಿ ಮೇಲೆ ಬಿದ್ದರು. ನಾನು ಬೆಳಗ್ಗೆ ಎಳೆದಿದ್ದ ಸಾಲೆಲ್ಲ ಹೋಯಿತು. ಕೊನೆಗೆ ಅಜ್ಜಿಯೂ ಬಂದರು. ಅವರಿಗೆ ಎಲ್ಲ ಅರ್ಥವಾದಂತಿತ್ತು. ಬಾಗಿಲನ್ನು ಸದ್ದಾಗದ ಹಾಗೆ ಎಳೆದು ಮುಚ್ಚಿದರು.

ಪ್ಲಾಂಟ್ ಹೆಡ್ ಮುಂದೆ ಬಂದರು. 'ಏನ್ರೀ ಆಯ್ತು? ಮುಗೀತಾ? ನಾವು ಹೋಗ್ಬಹುದಾ?'

ಎಚ್ಆರ್ ಸಾರ್ ಒಂದು ಕಲ್ಲಿನ ಮೇಲೆ ಕೂತು ಮೀನಖಂಡಕ್ಕೆ ಗುದ್ದಿಕೊಳ್ಳುತ್ತಿದ್ದರು. ಜೇಬಿಂದ ಲಿಸ್ಟು ತೆಗೆದರು. ಮೇಲಿನ ಹೆಸರು ನೋಡಿದರು. ನನ್ನನ್ನು ನೋಡಿದರು.

'ಇಲ್ಲ ಸಾರ್' ಅಂದರು. 'ಒಳಗೆ ಫ್ಯಾಮಿಲಿ ಮೆಂಬರ್ ಒಬ್ಬರು ಇದಾರೆ. ಟೀ ಕುಡೀತಿದಾರೆ. ಸ್ವಲ್ಪ ಕಾಯ್ಬೇಕು.'

ಪ್ಲಾಂಟ್ ಹೆಡ್ ವಾಚು ನೋಡಿಕೊಂಡರು.

'ಲೇಡೀಸಾ?'

'ಹೌದು ಸಾರ್.'

'ಹಾಗಾದ್ರೆ ಕೂತ್ಕೊಳ್ಳೋಣ ಬನ್ನಿ' ಅಂತ ಹೆಂಡತಿ ಮಕ್ಕಳನ್ನು ಕರೆದುಕೊಂಡು ನೆರಳಿಗೆ ಹೋದರು. 'ಅವರು ಬರೋದು ತಡ ಆಗತ್ತೆ.'